ಒಳಕೋಣೆಯ ಗೋಡೆಯ ಮೂರು ಶಬ್ದ

ಪುತ್ತಿಗೆಯ ಗೇರುಗುಡ್ಡದ ಬುಡದಲ್ಲಿರುವ ಆ ಮನೆಯ ಗೇಟಿನ ಮೇಲೆ ಈಗ ದೊಡ್ಡ ಸಾಹಿತಿಯೊಬ್ಬರ ಹೆಸರಿದೆ. ಅವರು ಹುಟ್ಟಿದ್ದು ಅಲ್ಲಿ, ಹತ್ತು ವರ್ಷ ತುಂಬುವವರೆಗೆ ಬೆಳೆದದ್ದೂ ಅಲ್ಲಿ. ಅವರ ತಂದೆ ಬಾಡಿಗೆಗೆ ಹಿಡಿದಿದ್ದ ಮನೆ ಅದು. ಆ ಕುಟುಂಬ ಊರು ಬಿಟ್ಟು ಹೋದ ಮೇಲೆ ಕೆಲವು ವರ್ಷ ಖಾಲಿ ಬಿದ್ದಿತ್ತಂತೆ. ಆಮೇಲೆ ನಾವು ಬಂದೆವು.

ನನ್ನ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಮನೆಯ ಒಡೆಯರು ಅಪ್ಪನ ಕೈಯಲ್ಲಿ ತಮ್ಮ ಅಂಗಳದ ಕಟ್ಟೆ ಕಟ್ಟಿಸಿಕೊಂಡಿದ್ದರು. ಕೆಲಸ ಮೆಚ್ಚಿ, "ಆ ಹಳೇ ಮನೆ ಬೀಳ್ಲಿಕ್ಕೆ ಆಗಿದೆ, ರಿಪೇರಿ ಮಾಡಿಕೊಂಡು ನೀನೇ ಕೂತುಕೋ" ಎಂದು ಬಿಟ್ಟುಕೊಟ್ಟರು. ಮುಂದೆ ಭೂಸುಧಾರಣೆಯ ಕಾಲದಲ್ಲಿ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಅಪ್ಪನ ಹೆಸರಿಗೇ ಆಯಿತು. ನಾನು ಆ ಮನೆಗೆ ಹೋಗುವಾಗ ಅಕ್ಕನ ಸೊಂಟದ ಮೇಲಿದ್ದೆನಂತೆ. ಟೀಚರ್ ಕೆಲಸ ಸಿಕ್ಕಿ ಎಣ್ಮಕಜೆಯ ಕಡೆಗೆ ಹೊರಡುವವರೆಗೂ ನನ್ನ ಬದುಕೆಲ್ಲ ಅಲ್ಲೇ.

ಈಗ ಯಾರಾದರೂ ಬಾಲ್ಯ ಎಂದರೆ ನನಗೆ ಮೊದಲು ನೆನಪಾಗುವುದು ಸುಣ್ಣದ ವಾಸನೆ. ಹಿತ್ತಲಲ್ಲಿ ಅಪ್ಪ ಒಂದು ಗುಂಡಿ ತೋಡಿದ್ದ. ಸುಟ್ಟ ಚಿಪ್ಪನ್ನು ಅದಕ್ಕೆ ಸುರಿದು ನೀರು ಹೊಯ್ದರೆ ಅದು ಕೊತಕೊತ ಕುದಿಯುತ್ತಿತ್ತು. ಬೆಂಕಿಯೇ ಇಲ್ಲದೆ ನೀರು ಕುದಿಯುವುದನ್ನು ನೋಡಲು ನಾನು ಶಾಲೆಯಿಂದ ಓಡಿ ಬರುತ್ತಿದ್ದೆ. ಅಕ್ಕ ನನ್ನ ಲಂಗದ ತುದಿಯನ್ನು ಹಿಡಿದುಕೊಂಡೇ ನಿಲ್ಲುತ್ತಿದ್ದಳು. ಕೈ ಬಿಟ್ಟರೆ ಗುಂಡಿಗೆ ಬಗ್ಗುತ್ತೇನೆಂದು ಅವಳಿಗೆ ಗೊತ್ತಿತ್ತು. ಗೇರುಹಣ್ಣಿನ ಕಾಲದಲ್ಲಿ ಗುಡ್ಡದಿಂದ ಬರುವ ಹುಳಿಹುಳಿ ಗಾಳಿಯೂ ಈ ಸುಣ್ಣದ ವಾಸನೆಯೂ ಸೇರಿ ಮನೆಗೆ ಅದರದೇ ಒಂದು ಪರಿಮಳವಿತ್ತು. ಮತ್ತೆಲ್ಲೂ ನನಗೆ ಅದು ಸಿಕ್ಕಿಲ್ಲ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೆ ಬಂದಳು. ಮನೆ ಮಾರಿದೆವು. ಕೊಂಡವರು ಅದರಲ್ಲಿ ಗೇರುಬೀಜದ ಚೀಲ ಪೇರಿಸಿದರು. ನಾನು ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಬೇಕೆಂದೇ ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ.

ನಾನು ರಿಟೈರಾಗಿ ಎರಡು ವರ್ಷವಾದ ಮೇಲೆ ಒಂದು ದಿನ ಬಂದ್ಯೋಡಿನ ಬಟ್ಟೆ ಅಂಗಡಿಯ ಹಾಜಿಯವರಿಂದ ಫೋನು ಬಂತು. ಹಾಜಿಯವರನ್ನು ನನಗೆ ಮೊದಲೇ ಗೊತ್ತು. ಶಾಲೆಯ ಮಕ್ಕಳ ಯೂನಿಫಾರಂ ಬಟ್ಟೆಗೆ ಎಷ್ಟೋ ಸಲ ಅವರ ಅಂಗಡಿಗೆ ಹೋಗಿದ್ದೇನೆ. ಪ್ರಾಯದಲ್ಲಿ ಅವರು ಗಲ್ಫಿನಲ್ಲಿದ್ದವರು. ಎಂಟು ಜನ ಮಲಗುವ ಒಂದು ಕೋಣೆಯಲ್ಲಿ ಯಾರೋ ಊರಿಗೆ ಹೋಗುವಾಗ ಬಿಟ್ಟುಹೋದ ಪುಸ್ತಕ ಅವರ ಕೈಗೆ ಸಿಕ್ಕಿತ್ತು. ಅದು ಈ ಸಾಹಿತಿಗಳು ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕ. ಅದನ್ನು ಎಷ್ಟು ಸಲ ಓದಿದೆನೆಂದು ಅವರಿಗೇ ಲೆಕ್ಕವಿಲ್ಲ. "ಊರು ನೆನಪಾದಾಗ ಕೆಲವರು ಹಾಡು ಕೇಳ್ತಿದ್ರು, ನಾನು ಆ ಪುಸ್ತಕದ ಜಗಲಿಯಲ್ಲಿ ಹೋಗಿ ಕೂರ್ತಿದ್ದೆ" ಎಂದು ಒಮ್ಮೆ ನನಗೆ ಹೇಳಿದ್ದರು. ಊರಿಗೆ ಮರಳಿದ ಮೇಲೆ ಒಂದು ಸಮಿತಿ ಕಟ್ಟಿಕೊಂಡು, ಓಡಾಡಿ, ಕಾಡಿಬೇಡಿ, ಆ ಮನೆಯನ್ನು ಉಳಿಸಿದವರು ಅವರೇ.

"ಟೀಚರೇ, ಬರುವ ತಿಂಗಳು ಮನೆ ಓಪನಿಂಗ್ ಉಂಟು" ಎಂದರು ಫೋನಿನಲ್ಲಿ. "ನೀವು ಅಲ್ಲಿ ಇದ್ದವರು ಅಲ್ವಾ? ಒಮ್ಮೆ ಬಂದು ನೋಡಿ. ಎಂತಾದ್ರೂ ತಪ್ಪಿದ್ರೆ ಹೇಳಿ. ಅವರು ಇದ್ದಾಗ ಹೇಗಿತ್ತೋ ಹಾಗೇ ಇರ್ಬೇಕು ನನಗೆ. ಒಂದು ಮೊಳೆ ಕೂಡ ಹೆಚ್ಚು ಕಮ್ಮಿ ಆಗ್ಬಾರ್ದು."

ಹೋದೆ. ಮೂವತ್ತು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟದ್ದು. ಕಾಲು ತಾನಾಗಿಯೇ ಬಾವಿಯ ಕಡೆಗೆ ತಿರುಗಿತು. ಹೊರಗಿನಿಂದ ಬಂದರೆ ಮೊದಲು ಅಲ್ಲಿ ಕಾಲು ತೊಳೆಯಬೇಕು ಎನ್ನುವುದು ಅಮ್ಮನ ಕಟ್ಟಳೆ.

ಮನೆ ಚಂದವಾಗಿತ್ತು. ಅದೇ ನನಗೆ ಸ್ವಲ್ಪ ಕಸಿವಿಸಿಯಾದದ್ದು. ಜಗಲಿ ಎರಡು ಪಾಲು ಉದ್ದವಾಗಿತ್ತು. ನಮ್ಮ ಕಾಲದಲ್ಲಿ ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಐದನೆಯವ ಅಂಗಳಕ್ಕೆ ಇಳಿಯಬೇಕಿತ್ತು. ಈಗ ಅಲ್ಲಿ ಮದುವೆಯ ಊಟಕ್ಕೆ ಒಂದು ಪಂಕ್ತಿ ಹಾಕಬಹುದು.

"ಪುಸ್ತಕದಲ್ಲಿ ಉದ್ದ ಜಗಲಿ ಅಂತ ಉಂಟಲ್ಲ" ಎಂದರು ಹಾಜಿಯವರು, ನಾನು ಕೇಳುವ ಮೊದಲೇ.

ಒಳಗೆ ತೂಗುಮಂಚ, ಹಿತ್ತಾಳೆಯ ದೊಡ್ಡ ದೀಪ, ಕೆತ್ತನೆಯ ಪೆಟ್ಟಿಗೆ ಎಲ್ಲ ಇದ್ದವು. ಬಾಡಿಗೆ ಮನೆಯಲ್ಲಿದ್ದವರ ಹತ್ತಿರ ಇಷ್ಟೆಲ್ಲ ಇತ್ತೇ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಾವು ಬರುವ ಮೊದಲಿನ ಸಂಗತಿ ನನಗೆ ಹೇಗೆ ಗೊತ್ತು?

"ಮುಖ್ಯವಾದ್ದು ಇಲ್ಲಿ ಉಂಟು, ಬನ್ನಿ" ಎಂದು ಅವರು ಒಳಕೋಣೆಗೆ ಕರೆದುಕೊಂಡು ಹೋದರು. ಅವರ ದನಿ ತಗ್ಗಿತ್ತು.

ಅಡುಗೆಮನೆಗೆ ತಾಗಿದ ಗೋಡೆಯ ಮೇಲೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ ಒಂದು ಗಾಜು ಕೂರಿಸಿದ್ದರು. ಮೇಲಿನಿಂದ ಒಂದು ಸಣ್ಣ ಲೈಟು. ಗೋಡೆಯ ಹಳೆಯ ಸುಣ್ಣವನ್ನು ಕೆರೆಯುವಾಗ ಕೆಲಸದವರಿಗೆ ಅಕ್ಷರ ಕಂಡಿತಂತೆ. ಆ ದಿನ ಹಾಜಿಯವರು ಅಂಗಡಿಯ ಶಟರ್ ಅರ್ಧಕ್ಕೇ ಎಳೆದು ಓಡಿಬಂದಿದ್ದರಂತೆ. ಸಾಹಿತಿಗಳು ತಮ್ಮ ಪುಸ್ತಕದಲ್ಲಿ, ತಾನು ಮೊದಲು ಬರೆಯಲು ಕಲಿತದ್ದು ಒಳಕೋಣೆಯ ಗೋಡೆಯ ಮೇಲೆ ಎಂದು ಬರೆದಿದ್ದಾರೆ. ಅದು ನನಗೂ ಗೊತ್ತು. ಮಕ್ಕಳಿಗೆ ಆ ಪಾಠವನ್ನು ಎಷ್ಟೋ ವರ್ಷ ಓದಿಸಿದ್ದೇನೆ.

ನಾನು ಬಗ್ಗಿ ನೋಡಿದೆ. ಗಾರೆಯಲ್ಲಿ ಕೊರೆದ ಮೂರು ಶಬ್ದ.

"ನಾಳೆ ಸಾಲೆ ಉಂಟು."

ಕೆಳಗೆ ಒಂದು ಚೀಟಿ ಅಂಟಿಸಿದ್ದರು. ಇದು ಸಾಹಿತಿಗಳ ಮೊದಲ ಬರಹ, ಶಾಲೆ ಎನ್ನುವುದನ್ನು ಸಾಲೆ ಎಂದು ಬರೆದದ್ದರಲ್ಲಿ ಅವರ ಬಾಲ್ಯದ ಆಡುಮಾತು ಉಳಿದಿದೆ ಎಂದು ಯಾರೋ ತಿಳಿದವರು ಬರೆದುಕೊಟ್ಟಿದ್ದರು.

ಹಾಜಿಯವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಕಣ್ಣು ತುಂಬಿದ್ದನ್ನು ಕಂಡು ಅವರಿಗೆ ಸಂತೋಷವಾಯಿತು. "ಎಲ್ಲರಿಗೂ ಹೀಗೇ ಆಗ್ತದೆ ಟೀಚರೇ" ಎಂದರು.

ಅದು ನನ್ನ ಅಕ್ಕನ ಅಕ್ಷರ.

ಆ ಗೋಡೆ ಕಟ್ಟಿದ್ದು ಅಪ್ಪ. ಮೊದಲು ಅಲ್ಲಿ ಮಣ್ಣಿನ ಗೋಡೆಯಿತ್ತು, ಮಳೆಗಾಲದಲ್ಲಿ ಒದ್ದೆಯಾಗಿ ಬುಡ ಕುಸಿಯುತ್ತಿತ್ತು. ಅಪ್ಪ ಅದನ್ನು ಕೆಡವಿ, ಕೆಂಪುಕಲ್ಲಿನಲ್ಲಿ ಕಟ್ಟಿ, ಸುಣ್ಣದ ಗಾರೆ ಮಾಡಿದ. ಮುಳಿಹುಲ್ಲಿನ ಮಾಡು ತೆಗೆದು ಹಂಚು ಹೊದಿಸಿದ್ದೂ ಆಗಲೇ. ಗಾರೆ ಇನ್ನೂ ಹಸಿಯಾಗಿರುವಾಗ ಅಕ್ಕ, ಅಮ್ಮ ಬೀಡಿ ಎಲೆ ಕತ್ತರಿಸುವ ಕತ್ತರಿಯ ತುದಿಯಲ್ಲಿ ಈ ಮೂರು ಶಬ್ದ ಬರೆದಳು. ಅಪ್ಪ ಬಂದು ನೋಡಿ ಕರಣೆ ಎತ್ತಿದವನು, ಎಂತ ಅನ್ನಿಸಿತೋ, ಒರೆಸದೆ ಬಿಟ್ಟ. ಆಮೇಲೆ ವರ್ಷವರ್ಷ ಸುಣ್ಣ ಬಳಿದು ಬಳಿದು ಅದು ಮುಚ್ಚಿಹೋಯಿತು.

ಅಕ್ಕ ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಮ್ಮ ತಮ್ಮ ಹುಟ್ಟಿದ ಮೇಲೆ ಅಮ್ಮನಿಗೆ ಎದ್ದು ಓಡಾಡಲು ಆರು ತಿಂಗಳು ಹಿಡಿಯಿತು. ಅಡುಗೆ, ಮಗು, ನಾನು, ಬೀಡಿಯ ಗೆರಸೆ ಎಲ್ಲ ಅಕ್ಕನ ಮಡಿಲಿಗೆ ಬಂತು. ನಾನು ಶಾಲೆಯಿಂದ ಬಂದು ಆ ದಿನದ ಪಾಠವನ್ನು ಅವಳಿಗೆ ಒಪ್ಪಿಸುತ್ತಿದ್ದೆ. ಅವಳು ಬೀಡಿ ಕಟ್ಟುತ್ತಾ, ಮಗುವಿನ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಲ್ಲಿ ಎಳೆಯುತ್ತಾ ಕೇಳುತ್ತಿದ್ದಳು. ನನ್ನ ನೆನಪಿನಲ್ಲಿ ಆ ಬರಹ ಆ ದಿನಗಳದು. ತಾನು ಹೋಗಲಾಗದ ಶಾಲೆಯನ್ನು ನೆನೆದು ಅವಳು ಅದನ್ನು ಬರೆದಳೆಂದು ನಾನು ಇಷ್ಟು ವರ್ಷವೂ ತಿಳಿದಿದ್ದೆ. ಟೀಚರಾಗಿ ನಾನು ಮೊದಲ ದಿನ ಬೋರ್ಡಿನ ಮುಂದೆ ನಿಂತಾಗಲೂ ಆ ಮೂರು ಶಬ್ದವೇ ನೆನಪಾಗಿತ್ತು.

ಅವತ್ತು ಹಾಜಿಯವರಿಗೆ ಎಂತ ಹೇಳಲಿ? ಅವರು ಕೊಟ್ಟ ಚಾ ಕುಡಿದು, ಚಂದ ಆಗಿದೆ ಎಂದು ಹೇಳಿ ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಅನ್ನ ಇಳಿಯಲಿಲ್ಲ. ಒಂದು ಮೊಳೆ ಕೂಡ ಹೆಚ್ಚು ಕಮ್ಮಿ ಆಗಬಾರದು ಎಂದ ಮನುಷ್ಯನಿಗೆ ಸುಮ್ಮನಿದ್ದು ಮೋಸ ಮಾಡಿದ ಹಾಗಾಯಿತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಹೇಳಿಕೊಟ್ಟವಳು ನಾನು.

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಹೋದೆ. ಹಾಜಿಯವರು ಬಟ್ಟೆಯ ಥಾನುಗಳನ್ನು ಸುತ್ತಿ ಇಡುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಸುತ್ತುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದೇ ಥಾನನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

"ನಿಮಗೆ ನೆನಪು ತಪ್ಪಿರಬಹುದಲ್ವಾ ಟೀಚರೇ? ಸಣ್ಣ ಪ್ರಾಯ ಅಲ್ವಾ ಆಗ?"

"ತಪ್ಪಿರಬಹುದು ಅಂತ ನಾನೂ ಯೋಚಿಸಿದೆ. ಆದ್ರೆ ಹಾಜಿಯವರೇ, ಇನ್ನೊಂದು ಉಂಟು. ಅದನ್ನು ಸಾಹಿತಿಗಳೇ ನೋಡಿದ್ದಾರೆ."

ಅವರ ಕೈ ನಿಂತಿತು.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನಮ್ಮ ಅಂಗಳದ ಹೊರಗೆ ಕಾರು ನಿಂತಿತು. ಬಿಳಿ ಅಂಗಿ, ದಪ್ಪ ಕನ್ನಡಕದ ಒಬ್ಬರು ಇಳಿದು ಬಂದು, "ನಾನು ಇಲ್ಲಿ ಹುಟ್ಟಿದವ. ಒಮ್ಮೆ ನೋಡಿ ಹೋಗ್ಬಹುದಾ?" ಎಂದು ಕೇಳಿದರು. ಅಮ್ಮನಿಗೆ ಎಂತ ಮಾಡುವುದೆಂದು ತೋಚಲಿಲ್ಲ. ತಲೆಗೆ ಸೆರಗು ಎಳೆದುಕೊಂಡು, ಬನ್ನಿ ಬನ್ನಿ ಎಂದಳು. ಅವರು ಜಗಲಿಯಲ್ಲಿ ನಿಂತು ಅತ್ತಿತ್ತ ನೋಡಿ, "ಇಷ್ಟೇ ಇತ್ತಾ ಇದು!" ಎಂದರು. ನನಗೆ ಅದು ಈಗಲೂ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ನನಗೆ ಸಿಟ್ಟು ಬಂದಿತ್ತು. ಒಳಕೋಣೆಗೆ ಬಂದು ಗೋಡೆಗೆ ಅಂಗೈ ಇಟ್ಟು, ತಮ್ಮ ಕಾಲದಲ್ಲಿ ಇಷ್ಟು ಗಟ್ಟಿ ಗೋಡೆ ಇರಲಿಲ್ಲ, ಉಗುರಲ್ಲಿ ಕೆರೆದರೆ ಮಣ್ಣು ಬರುತ್ತಿತ್ತು ಎಂದರು. ಆಗ ಅವರ ಕಣ್ಣು ಆ ಅಕ್ಷರಗಳ ಮೇಲೆ ಬಿತ್ತು. ಕೂತು ಓದಿದರು. "ಯಾರು ಬರೆದದ್ದು?" ಎಂದು ನನ್ನನ್ನು ಕೇಳಿದರು. ಅಡುಗೆಮನೆಯ ಬಾಗಿಲ ಹಿಂದೆ ಅಡಗಿದ್ದ ಅಕ್ಕನ ಕಡೆಗೆ ನಾನು ಬೆರಳು ತೋರಿಸಿದೆ. ಅಷ್ಟರಲ್ಲಿ ಅಮ್ಮ ಬಾವಿಯಿಂದ ತಣ್ಣನೆಯ ನೀರು ತರಲು ನನ್ನನ್ನು ಓಡಿಸಿದಳು. ನಾನು ನೀರು ತರುವಾಗ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಹಾಜಿಯವರು ಥಾನನ್ನು ಬದಿಗೆ ಸರಿಸಿ ಸ್ಟೂಲಿನಲ್ಲಿ ಕೂತರು. ಆಮೇಲೆ, "ಅವರು ಬಂದದ್ದು ಪುಸ್ತಕ ಬರೆಯುವ ಮೊದಲಾ, ಆಮೇಲಾ?" ಎಂದರು.

"ಮೊದಲು."

"ಹಾಗಾದ್ರೆ ಅವರು ನಿಮ್ಮ ಅಕ್ಕನದ್ದನ್ನು ನೋಡಿ... ತನ್ನದು ಅಂತ ಬರೆದದ್ದಾ?"

"ಹಾಗೆ ಹೇಳ್ಲಿಕ್ಕೆ ನನಗೆ ಬರುವುದಿಲ್ಲ. ಅವರೂ ಅಲ್ಲಿ ಮೊದಲಿದ್ದ ಮಣ್ಣಿನ ಗೋಡೆಯಲ್ಲಿ ಮಸಿಯಲ್ಲಿ ಬರೆದಿರಬಹುದು. ಆ ಗೋಡೆ ಈಗ ಇಲ್ಲವಲ್ಲ, ನಮಗೆ ಹೇಗೆ ಗೊತ್ತಾಗ್ತದೆ?"

ಅವರು ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಪರದೇಶದ ಕೋಣೆಯಲ್ಲಿ ಒಂಟಿಯಾಗಿ ಓದಿದ ಆ ಯುವಕನ ಕೈಯಿಂದ ನಾನು ಎಂಥದನ್ನೋ ಕಿತ್ತುಕೊಂಡ ಹಾಗೆ ಅನ್ನಿಸಿತು. ಬರಬಾರದಿತ್ತೇನೋ ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ.

ನಾಲ್ಕು ದಿನ ಬಿಟ್ಟು ಅವರದೇ ಫೋನು. ದನಿ ಗಟ್ಟಿಯಾಗಿತ್ತು.

"ನೀವು ಹೇಳಿದ್ದು ಸರಿ ಟೀಚರೇ. ಎಂಜಿನಿಯರನ್ನು ಕರೆಸಿದೆ. ಆ ಗೋಡೆಯ ಕಲ್ಲೂ ಗಾರೆಯೂ ಮನೆಯ ಬೇರೆ ಗೋಡೆಗಿಂತ ಆಮೇಲಿನದ್ದು ಅಂತ ಅವರೂ ಹೇಳಿದ್ರು. ಸಮಿತಿಯಲ್ಲಿ ಮಾತಾಡಿದೆವು. ಅದು ಅವರ ಕಾಲದ ಗೋಡೆ ಅಲ್ಲ ಅಂತಾದ ಮೇಲೆ ಅಲ್ಲಿ ಇರ್ಲಿಕ್ಕೆ ಆಗುದಿಲ್ಲ. ತೆಗೆದು ಮೊದಲಿನ ಹಾಗೆ ಮಣ್ಣಿನ ಗೋಡೆ ಹಾಕ್ತೇವೆ. ಬುಧವಾರ ಮೇಸ್ತ್ರಿ ಬರ್ತಾರೆ."

ನಾನು ಕುರ್ಚಿ ಹುಡುಕಿ ಕೂತೆ. ಸತ್ಯ ಹೇಳಿದರೆ ಆ ಚೀಟಿ ಬದಲಾಗುತ್ತದೆ ಎಂದುಕೊಂಡಿದ್ದೆ. ಗೋಡೆಯೇ ಹೋಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಅಪ್ಪ ಕಟ್ಟಿದ ಗೋಡೆಗಳು ಈ ಸೀಮೆಯಲ್ಲಿ ಎಷ್ಟಿದ್ದವೋ. ರಸ್ತೆ ಅಗಲ ಮಾಡುವಾಗ, ಹೊಸ ಮನೆ ಕಟ್ಟುವಾಗ ಒಂದೊಂದಾಗಿ ಹೋಗಿವೆ. ಉಳಿದದ್ದು ಇದೊಂದೇ ಇರಬೇಕು. ಅದನ್ನು ನನ್ನ ಬಾಯಿಯಿಂದಲೇ ಕೆಡವಿಸಿದ ಹಾಗಾಯಿತು.

ಅಕ್ಕನಿಗೆ ಹೇಳದೆ ಇರುವ ಹಾಗಿರಲಿಲ್ಲ. ಅವಳ ಮನೆ ಬಂದ್ಯೋಡಿನ ಹೈವೇಯ ಪಶ್ಚಿಮಕ್ಕೆ. ಮಗನ ಬೇಕರಿಯ ಹಿಂದೆಯೇ ಮನೆ. ಅಂಗಳಕ್ಕೆ ಯಾವಾಗಲೂ ಬನ್ನಿನ ವಾಸನೆ. ನಾನು ಹೋದಾಗ ಅವಳು ಬಾಗಿಲ ಬೆಳಕಿಗೆ ಪೇಪರು ಹಿಡಿದು ಓದುತ್ತಿದ್ದಳು. ಶಾಲೆ ಬಿಟ್ಟವಳು, ಆದರೆ ಪೇಪರು ಬರದ ದಿನ ಅವಳಿಗೆ ಕೈಕಾಲು ಆಡುವುದಿಲ್ಲ. ನಾನು ತುಳುವಿನಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗಾಜು, ಲೈಟು, ಚೀಟಿ, ಬುಧವಾರ ಬರುವ ಮೇಸ್ತ್ರಿ.

ಅವಳು ಮೊದಲು ನಕ್ಕಳು. ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ನನ್ನ ಅಕ್ಷರಕ್ಕೆ ಗಾಜು ಹಾಕಿದ್ದಾರಾ? ಲೈಟೂ ಉಂಟಾ?"

"ನಗಬೇಡ ಅಕ್ಕ. ನನಗೆ ಎಷ್ಟು ಬೇಜಾರಾಗಿದೆ ಗೊತ್ತುಂಟಾ? ನೀನು ಶಾಲೆಗೆ ಹೋಗ್ಲಿಕ್ಕೆ ಆಗದ ಸಂಕಟದಲ್ಲಿ ಬರೆದದ್ದು ಅದು..."

"ಸಂಕಟದಲ್ಲಿ ಬರೆದದ್ದಾ? ಯಾರು ಹೇಳಿದ್ದು ನಿನಗೆ?"

ಯಾರೂ ಹೇಳಿರಲಿಲ್ಲ.

"ಆಗ ತಮ್ಮ ಹುಟ್ಟಿರ್ಲೇ ಇಲ್ಲ ಮಾರಾಯ್ತಿ" ಎಂದಳು ಅಕ್ಕ. "ಅಮ್ಮ ತುಂಬಿದ ಬಸುರಿ. ಹುಟ್ಟುವ ಮಗುವಿಗೆ ಥಂಡಿ ಆಗ್ಬಾರ್ದು ಅಂತಲೇ ಅಪ್ಪ ಮಳೆ ಹಿಡಿಯುವ ಮೊದಲು ಅವಸರದಲ್ಲಿ ಆ ಗೋಡೆ ಕಟ್ಟಿದ್ದು. ಮರುದಿನ ಶಾಲೆ ಶುರು. ನಾನು ಏಳನೇ ಕ್ಲಾಸಿಗೆ ಹೋಗುವವಳು. ಅಪ್ಪನ ಹಳೇ ಪಂಚೆಯಲ್ಲಿ ಚೀಲ ಹೊಲಿದು ಇಟ್ಟಿದ್ದೆ. ಖುಷಿ ತಡೀಲಿಕ್ಕೆ ಆಗದೆ ಬರೆದದ್ದು ಅದು."

"ಮತ್ತೆ?"

"ಮತ್ತೆ ಎಂತ? ಬೆಳಗಾಗುವಾಗ ಅಮ್ಮನಿಗೆ ನೋವು ಬಂತು. ಸೂಲಗಿತ್ತಿಯನ್ನು ಕರೀಲಿಕ್ಕೆ ನಾನೇ ಓಡಿದ್ದು. ಅವತ್ತು ಹೋಗ್ಲಿಕ್ಕಾಗ್ಲಿಲ್ಲ. ವಾರ ಬಿಟ್ಟು ಹೋಗ್ತೇನೆ ಅಂದುಕೊಂಡೆ." ಅವಳು ಪೇಪರನ್ನು ನಾಲ್ಕಾಗಿ ಮಡಚಿದಳು. "ನೀನು ಆಗ ಸಣ್ಣವಳು. ಎಲ್ಲ ಒಟ್ಟು ಮಾಡಿ ನೆನಪಿಟ್ಟುಕೊಂಡಿದ್ದಿ."

ಹಾಜಿಯವರ ಜಗಲಿಯನ್ನು ನೋಡಿ ಮನಸ್ಸಿನಲ್ಲೇ ನಕ್ಕವಳು ನಾನು. ನನ್ನ ಅಕ್ಕನ ಖುಷಿಯನ್ನು ಐವತ್ತು ವರ್ಷಕ್ಕೂ ಮಿಕ್ಕಿ ದುಃಖವೆಂದು ಹೊತ್ತುಕೊಂಡು ತಿರುಗಿದ್ದೆ. ಒಮ್ಮೆಯೂ ಅವಳನ್ನೇ ಕೇಳಿರಲಿಲ್ಲ.

"ಗೋಡೆ ತೆಗೀಲಿ ಬಿಡು" ಎಂದಳು ಅವಳು. "ಅಪ್ಪನೇ ಇದ್ದಿದ್ರೆ, ಗಾರೆಗೆ ಹಾಕಿದ ಹೊಯ್ಗೆ ಸರಿ ಇರ್ಲಿಲ್ಲ, ತೆಗೀರಿ ಅಂತಿದ್ದ. ಆದ್ರೆ ತೆಗೆಯುವ ಮೊದಲು ಒಮ್ಮೆ ನನಗೆ ನೋಡ್ಬೇಕು."

ಬುಧವಾರ ಬೆಳಿಗ್ಗೆ ನಾವಿಬ್ಬರೂ ಆಟೋ ಮಾಡಿಕೊಂಡು ಹೋದೆವು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು, ಬೇಕರಿಯಿಂದ ಒಂದು ಕಟ್ಟು ಬಿಸ್ಕೇಟು ತಂದಿದ್ದಳು. ಹಾಜಿಯವರು ಗೇಟಿನಲ್ಲೇ ಇದ್ದರು. ಇವರೇ ಅಕ್ಕ ಎಂದು ನಾನು ಹೇಳಿದಾಗ ಅವರಿಗೆ ಎಲ್ಲಿ ನೋಡುವುದೆಂದು ತಿಳಿಯದೆ, "ಬನ್ನಿ ಅಕ್ಕ, ಒಳಗೆ ಬನ್ನಿ" ಎಂದು ಮುಂದೆ ನಡೆದರು. ಗಾಜು ಆಗಲೇ ಬಿಚ್ಚಿ ಬದಿಯ ಗೋಡೆಗೆ ಒರಗಿಸಿದ್ದರು.

ಅಕ್ಕ ಗೋಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕಾಲಿನ ನೋವಿಗೆ ಅವಳು ನೆಲದಲ್ಲಿ ಕೂರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಬೆರಳನ್ನು ಅಕ್ಷರದ ಗೀರಿನಲ್ಲಿ ಇಟ್ಟು ಮೆಲ್ಲ ಎಳೆದಳು. ಬೆರಳು ಈಗ ದಪ್ಪವಾಗಿ ಗೀರಿನೊಳಗೆ ಹಿಡಿಯುತ್ತಿರಲಿಲ್ಲ.

"ಸಾಲೆ ಅಲ್ಲ, ಶಾಲೆ ಅಂತ ಅವರು ಅವತ್ತೇ ಹೇಳಿದ್ರು" ಎಂದಳು.

"ಯಾರು?" ಎಂದರು ಹಾಜಿಯವರು.

"ಸಾಹಿತಿಗಳು. ಇವಳು ನೀರು ತರ್ಲಿಕ್ಕೆ ಹೋಗಿದ್ಲು. ನಾನು ಬಾಗಿಲ ಹಿಂದೆ. ಅವರು ಇಲ್ಲೇ ಕೂತುಕೊಂಡು, ಬಾಗಿಲಿಗೆ ಕೇಳುವ ಹಾಗೆ, ಅಕ್ಷರ ಚಂದ ಉಂಟು ಮಗಾ, ಆದ್ರೆ ಸಾಲೆ ಅಲ್ಲ, ಶಾಲೆ ಅಂದ್ರು. ನನಗೆ ಎಲ್ಲಿಂದ ಧೈರ್ಯ ಬಂತೋ, ನಮ್ಮಲ್ಲಿ ಸಾಲೆ ಅಂತಲೇ ಹೇಳುದು ಅಂದೆ. ಅವರು ದೊಡ್ಡಕ್ಕೆ ನಗಾಡಿದ್ರು. ನಮ್ಮ ಮನೆಯಲ್ಲೂ ಹಾಗೇ ಹೇಳ್ತಿದ್ದದ್ದು, ಹಾಗೇ ಇರ್ಲಿ, ತಿದ್ದಬೇಡ ಅಂದ್ರು."

ಈ ಮಾತನ್ನು ನಾನೂ ಅವತ್ತೇ ಮೊದಲು ಕೇಳಿದ್ದು. "ನನಗೆ ಯಾಕೆ ಹೇಳ್ಲಿಲ್ಲ ನೀನು?" ಎಂದೆ.

"ಅಮ್ಮನಿಗೆ ಗೊತ್ತಾದ್ರೆ ಬೈತಿದ್ಲು, ದೊಡ್ಡವರಿಗೆ ಎದುರು ಮಾತಾಡಿದ್ದಕ್ಕೆ."

ಹಾಜಿಯವರು ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. "ನಗಾಡಿದ್ರಾ? ಹೇಗೆ ನಗಾಡಿದ್ರು? ದನಿ ಹೇಗಿತ್ತು ಅವರದ್ದು?" ಎಂದು ಒಂದರ ಮೇಲೊಂದು ಕೇಳತೊಡಗಿದರು. ಅವರು ಸಾಹಿತಿಗಳನ್ನು ಕಣ್ಣಾರೆ ನೋಡಿದವರಲ್ಲ. ಊರಿಗೆ ಮರಳುವಷ್ಟರಲ್ಲಿ ಸಾಹಿತಿಗಳು ತೀರಿಕೊಂಡಿದ್ದರು. ಅಕ್ಕ ತಿಳಿದಷ್ಟು ಹೇಳಿದಳು. ಸ್ವಲ್ಪ ಕೆಮ್ಮಿದ ಹಾಗೆ ನಗುತ್ತಿದ್ದರು, ಅಂಗಿಗೆ ಪೆನ್ನಿನ ಮಸಿ ತಾಗಿತ್ತು, ಏಳುವಾಗ ಗೋಡೆ ಹಿಡಿದುಕೊಂಡು ಎದ್ದರು. ಹಾಜಿಯವರ ಮುಖ ನೋಡುತ್ತಾ ನನಗೆ ಮೊನ್ನೆಯಿಂದ ಎದೆಯಲ್ಲಿ ಕೂತಿದ್ದ ಭಾರ ಸ್ವಲ್ಪ ಇಳಿಯಿತು.

ಆ ಹೊತ್ತಿಗೆ ಮೇಸ್ತ್ರಿ ಹಾರೆ, ಸುತ್ತಿಗೆ ತೆಗೆದುಕೊಂಡು ಬಂದ. ಎಡನೀರು ಕಡೆಯ ಮಾತಿನ ಧಾಟಿಯ, ಮಧ್ಯವಯಸ್ಸಿನ ಮನುಷ್ಯ. ಗೋಡೆಯನ್ನು ಬಡಿದು ಬಡಿದು ಕೇಳಿದ. ಏಣಿ ಇಟ್ಟು ಮೇಲೆ ಹತ್ತಿ, ಟಾರ್ಚು ಹಾಕಿ ಮಾಡಿನ ಅಡಿಯನ್ನು ನೋಡಿದ. ಇಳಿದು ಬಂದು ಕೈ ಒರೆಸಿಕೊಂಡ.

"ಇದನ್ನು ತೆಗೀಲಿಕ್ಕೆ ಆಗುದಿಲ್ಲ ಹಾಜಿಯವರೇ."

"ಯಾಕೆ?"

"ಹಂಚಿನ ಮಾಡಿನ ದೊಡ್ಡ ತೊಲೆ ಕೂತದ್ದೇ ಇದರ ಮೇಲೆ. ಉಳಿದ ಮೂರು ಗೋಡೆ ಮಣ್ಣಿನದ್ದು, ಅದಕ್ಕೆ ಬರೀ ತನ್ನ ಭಾರ ಹೊರ್ಲಿಕ್ಕೆ ಸಾಕು. ಇದನ್ನು ತೆಗೆದ್ರೆ ಮಾಡು ಬರ್ತದೆ, ಮಾಡಿನ ಒಟ್ಟಿಗೆ ಮನೆಯೂ ಬರ್ತದೆ." ಅವನು ಇನ್ನೊಮ್ಮೆ ಗೋಡೆಗೆ ಅಂಗೈ ಇಟ್ಟ. "ಕಟ್ಟಿದವ ಕೆಲಸ ಗೊತ್ತಿದ್ದವ. ಮೇಲೆ ಗಾರೆ ಮೆತ್ತದ ಕಡೆ ಕಲ್ಲು ಕಚ್ಚಿಸಿದ್ದು ನೋಡಿದೆ, ಕೂದಲು ಹೋಗ್ಲಿಕ್ಕೆ ಜಾಗ ಇಲ್ಲ."

ಅಕ್ಕ ನನ್ನ ಮುಖ ನೋಡಿದಳು. ಅಪ್ಪನನ್ನು ಯಾರಾದರೂ ಹೊಗಳಿದ್ದನ್ನು ನಾವು ಕೇಳಿ ಎಷ್ಟು ವರ್ಷವಾಗಿತ್ತೋ. ನಾನು ಹೊರಗೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆಮೇಲೆ ಸಮಿತಿಯಲ್ಲಿ ಎರಡು ಸಲ ಜೋರು ಮಾತಾಯಿತಂತೆ. ಜನ ಬರುವುದು ಸಾಹಿತಿಗಳನ್ನು ನೋಡಲಿಕ್ಕೆ, ಮೇಸ್ತ್ರಿಯ ಮಗಳ ಕಥೆ ಅಲ್ಲಿ ಯಾಕೆ ಎಂದು ಒಬ್ಬರು; ಸುಮ್ಮನೆ ಸುಣ್ಣ ಬಳಿದು ಮುಚ್ಚಿಬಿಡುವ ಎಂದು ಇನ್ನೊಬ್ಬರು. ಹಾಜಿಯವರು ಒಪ್ಪಲಿಲ್ಲ. ಸಾಹಿತಿಗಳೇ ತಿದ್ದಬೇಡ ಎಂದದ್ದನ್ನು ಮುಚ್ಚಲು ನಾನು ಯಾರು ಎಂದು ಕೇಳಿದರಂತೆ. ಕೊನೆಗೆ ಹೊಸ ಚೀಟಿ ಬಂತು. ಈ ಗೋಡೆಯನ್ನು ಸಾಹಿತಿಗಳ ಕುಟುಂಬ ಹೋದ ಮೇಲೆ ಇಲ್ಲಿ ವಾಸವಿದ್ದ ಗಾರೆ ಮೇಸ್ತ್ರಿಯೊಬ್ಬರು ಕಟ್ಟಿದರು, ಅಕ್ಷರಗಳು ಅವರ ದೊಡ್ಡ ಮಗಳದು, ಸಾಹಿತಿಗಳು ಮರಳಿ ಬಂದಾಗ ಇದನ್ನು ಓದಿ ಮೆಚ್ಚಿದರು ಎಂದಷ್ಟೇ ಅದರಲ್ಲಿದೆ. ಹೆಸರು ಹಾಕುವ ಎಂದಾಗ ಅಕ್ಕ ಬೇಡವೆಂದಳು. ಗಾಜನ್ನೂ ಬೇಡವೆಂದಳು. ಹಿತ್ತಾಳೆಯ ದೀಪ, ತೂಗುಮಂಚ ಎರಡೂ ಹೊರಟುಹೋದವು. ಅದರ ಬದಲು ಒಂದು ಚಾಪೆ, ಒಂದು ಚಿಮಿಣಿ ದೀಪ ಬಂದಿವೆ. ಜಗಲಿ ಮಾತ್ರ ಉದ್ದವಾಗಿಯೇ ಉಳಿದಿದೆ. ಅದನ್ನು ಮೊದಲಿನಷ್ಟಕ್ಕೇ ಇಳಿಸಲು ಹಾಜಿಯವರು ಏನು ಮಾಡಿದರೂ ಒಪ್ಪಲಿಲ್ಲ. "ಅದೊಂದು ಇರ್ಲಿ ಟೀಚರೇ" ಎಂದರು. ನಾನೂ ಒತ್ತಾಯ ಮಾಡಲಿಲ್ಲ.

ಈಗ ಶಾಲೆಯ ಮಕ್ಕಳು ಬರುವ ದಿನ ನಮ್ಮಿಬ್ಬರನ್ನೂ ಕರೆಯುತ್ತಾರೆ. ಆ ಮನೆಯಲ್ಲಿ ಹೇಗೆ ಬದುಕುತ್ತಿದ್ದೆವು ಎಂದು ಹೇಳುವುದು ನಮ್ಮ ಕೆಲಸ. ನಾನು ಟೀಚರಿನ ಹಾಗೆ ನಿಂತು ಹೇಳುತ್ತೇನೆ. ಅಕ್ಕ ಕುರ್ಚಿಯಲ್ಲಿ ಕೂತು ಮಧ್ಯೆ ಬಾಯಿ ಹಾಕುತ್ತಾಳೆ. ಹೋದ ವಾರ, ಅರೆಯುವ ಕಲ್ಲು ಅಡುಗೆಮನೆಯ ಒಳಗಿತ್ತು ಎಂದು ನಾನು ಹೇಳಿದೆ.

"ಒಳಗೆ ಅಲ್ಲ, ಹೊರಗೆ ಗೋಡೆ ಬುಡದ ಚಡಿಯಲ್ಲಿ" ಎಂದಳು ಅಕ್ಕ, ಇಡೀ ಕ್ಲಾಸಿನ ಎದುರು.

"ಒಳಗೇ ಇತ್ತು. ನಾನು ಅದರ ಮೇಲೆ ಕೂತು ಹೋಂವರ್ಕ್ ಮಾಡ್ತಿದ್ದೆ."

"ನೀನು ಕೂತದ್ದು ಮಣೆ. ಕಲ್ಲಿನ ಮೇಲೆ ಕೂರ್ಲಿಕ್ಕೆ ಅಮ್ಮ ಬಿಡ್ತಿದ್ಲಾ?"

ಮಕ್ಕಳೆಲ್ಲ ನಕ್ಕರು. ಅವರ ಟೀಚರಿಗೂ ನಗು ತಡೆಯಲಾಗಲಿಲ್ಲ. ಹಾಜಿಯವರು ಜಗಲಿಯಿಂದ ಎದ್ದು ಬಂದು, ಜೇಬಿನಿಂದ ನೋಟ್‌ಬುಕ್ ತೆಗೆದು, ಒಬ್ಬೊಬ್ಬರೇ ಹೇಳಿ ಎಂದರು. ನಾನು ಅಡುಗೆಮನೆಯ ಮೂಲೆಗೆ ಹೋಗಿ ಇಲ್ಲಿ ಎಂದು ನಿಂತೆ. ಅಕ್ಕ ನನ್ನನ್ನು ಹತ್ತಿರ ಕರೆದು, ನನ್ನ ಭುಜ ಹಿಡಿದುಕೊಂಡು ಮೆಲ್ಲ ಮೆಟ್ಟಿಲಿಳಿದು, ಹೊರಗಿನ ಚಡಿಯಲ್ಲಿ ಕಾಲೂರಿ, "ಇಲ್ಲಿ" ಎಂದಳು.